ಕಾಣದ ಮೀನಿಗೆ ಎರಡು ಹೊತ್ತಿನ ಊಟ

ಪೊನ್ನಂಬಲಂ ಅವರ ಮನೆಯ ಹಜಾರದಲ್ಲಿ ಮತ್ತೊಮ್ಮೆ ಸಮುದ್ರ ಹುಟ್ಟಿದ್ದಕ್ಕೆ ಮೂಲ ಕಾರಣ ದೋಸೆ ಹಿಟ್ಟು.

ಹೆಂಡತಿ ಮಂಗೈಯರ್ಕರಸಿಗೆ ಬ್ಯಾಂಕಿನಲ್ಲಿ ಬಡ್ತಿಯಾಗಿ ತಿರುನೆಲ್ವೇಲಿಗೆ ವರ್ಗವಾದ ಮೇಲೆ, ಚೆನ್ನೈನ ಪೆರಂಬೂರಿನ ಆ ಫ್ಲ್ಯಾಟಿನಲ್ಲಿ ಹಿಟ್ಟು ಮುಗಿಯುವುದೇ ನಿಂತುಹೋಯಿತು. ಅಂಗಡಿಯ ಅತಿ ಚಿಕ್ಕ ಪೊಟ್ಟಣವೂ ಒಬ್ಬರಿಗೆ ದೊಡ್ಡದು. ಸೋಮವಾರ ದೋಸೆ, ಮಂಗಳವಾರ ದೋಸೆ, ಬುಧವಾರ ಹುಳಿ ದೋಸೆ, ಗುರುವಾರ ಬರೀ ಹುಳಿ. ಅಂಥದೊಂದು ಗುರುವಾರ ಖಾಲಿ ಕುರ್ಚಿಯ ಎದುರು ಕೂತು ಅದನ್ನು ನುಂಗುವಾಗ, ಈ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಬೇಕೇ ಬೇಕು ಎಂದು ಅವರಿಗೆ ಜ್ಞಾನೋದಯವಾಯಿತು. (ಒಂದು ಹಲ್ಲಿ ಇತ್ತು. ಆದರೆ ಅದು ಟ್ಯೂಬ್‌ಲೈಟಿನ ಹಿಂದೆ ಸಂಸಾರ ಹೂಡಿಕೊಂಡು, ಇವರನ್ನು ಬಾಡಿಗೆಗೆ ಬಂದವರಂತೆ ನೋಡುತ್ತಿತ್ತು.)

ದಿನಕ್ಕೊಮ್ಮೆ ಹೆಂಡತಿಯ ವೀಡಿಯೊ ಕರೆ ಬರುತ್ತಿತ್ತು, ನಿಜ. ಅದರಲ್ಲಿ ಮೂರು ಪ್ರಶ್ನೆ.

"ಊಟ ಆಯ್ತಾ? ಗ್ಯಾಸ್ ಆರಿಸಿದ್ರಾ? ಬಾಗಿಲು ಹಾಕಿದ್ರಾ?"

"ಆಯ್ತು, ಆರಿಸ್ದೆ, ಹಾಕ್ದೆ. ಅರಸಿ, ಇವತ್ತು ಏನಾಯ್ತು ಅಂದ್ರೆ..."

"ಸರಿ, ಇಡ್ಲಾ? ಬ್ರಾಂಚಲ್ಲಿ ಆಡಿಟ್ ನಡೀತಿದೆ."

ಅಷ್ಟೇ. ಏನಾಯ್ತು ಎಂಬುದು ಪೊನ್ನಂಬಲಂ ಅವರ ಗಂಟಲಲ್ಲೇ ಉಳಿದು, ಗುರುವಾರದ ದೋಸೆಯ ಜೊತೆ ಒಳಗೆ ಇಳಿಯುತ್ತಿತ್ತು.

ಹಿಂದೆ ಈ ಮನೆಯಲ್ಲಿ ಹವಳ ಸಾಕುವ ಗಾಜಿನ ತೊಟ್ಟಿಯೊಂದು ಇತ್ತು. ಉಪ್ಪುನೀರಿನಲ್ಲಿ ಬಣ್ಣಬಣ್ಣದ ಹವಳಗಳು ತೂಗಾಡುತ್ತಿದ್ದವು. ಕಿತ್ತಳೆ ಮೈಗೆ ಬಿಳಿ ಪಟ್ಟೆ ಸುತ್ತಿಕೊಂಡ ಮೀನಿನ ಜೋಡಿಯೊಂದು ಅವುಗಳ ನಡುವೆ ದರ್ಬಾರು ನಡೆಸುತ್ತಿತ್ತು. ಆಮೇಲೆ ಚಂಡಮಾರುತ ಬಂತು, ಕರೆಂಟು ಹೋಯಿತು. ವಿಮಾ ಏಜೆಂಟರಾಗಿ ಬೀದಿಯವರ ಪ್ರಾಣಕ್ಕೆಲ್ಲ ವಿಮೆ ಮಾಡಿಸಿದ್ದ ಪೊನ್ನಂಬಲಂ, ತಮ್ಮ ಮೀನಿಗೆ ಬೀಸಣಿಗೆ ಹಿಡಿದು ಗಾಳಿ ಹಾಕುತ್ತ ಕೂತರೂ ಒಂದೂ ಉಳಿಯಲಿಲ್ಲ. ಇಡೀ ಕಟ್ಟಡವೇ ಮೂಗು ಮುಚ್ಚಿಕೊಂಡು ಓಡಾಡಿತು. ಬಕೆಟ್ಟಿನ ಮೇಲೆ ಬಕೆಟ್ಟು ಹೊತ್ತು ಚೆಲ್ಲಿ ಬಂದ ಅರಸಿ ಅಂದು ಒಂದು ರಾಜಾಜ್ಞೆ ಹೊರಡಿಸಿದರು: "ಇನ್ಮೇಲೆ ಈ ಮನೇಲಿ ಉಪ್ಪು ನೀರು ಸೇರೋದು ರಸಕ್ಕೆ ಮಾತ್ರ. ಆಣೆ ಇಡಿ." ಇಟ್ಟರು. ತೊಟ್ಟಿ ಅಟ್ಟ ಸೇರಿತು. ಅದರೊಳಗೆ ನವರಾತ್ರಿ ಕೊಲುವಿನ ಬೊಂಬೆಗಳು ಬಿಡಾರ ಹೂಡಿದವು.

ಈಗ ಆ ಬೊಂಬೆಗಳೆಲ್ಲ ಎತ್ತಂಗಡಿಯಾದವು. ಅಂಗಡಿ ಹೂಡಿದ ಚೆಟ್ಟಿಯಾರ್ ಬೊಂಬೆ ದಂಪತಿ ಅಡುಗೆ ಮನೆಯ ಕಪಾಟಿಗೆ, ದಶಾವತಾರ ಮಂಚದ ಅಡಿಗೆ. (ಮತ್ಸ್ಯಾವತಾರವೊಂದೇ ಒಪ್ಪಿಗೆ ಕೊಟ್ಟಂತೆ ಮುಗುಳ್ನಗುತ್ತಿತ್ತು ಎನ್ನುವುದು ಪೊನ್ನಂಬಲಂ ಅವರ ಸಾಕ್ಷ್ಯ.) ಆಮೇಲೆ ಸಮುದ್ರಮಥನ: ಬಕೆಟ್ಟು ಬಕೆಟ್ಟು ಶುದ್ಧ ನೀರಿಗೆ ಸಮುದ್ರದ ಉಪ್ಪು ಸುರಿದು, ಪಾಯಸದ ಸೌಟಿನಿಂದ ಕಡೆದರು. ದೇವಾಸುರರಿಗೆ ಅಮೃತ ಸಿಕ್ಕಿತ್ತು, ಇವರಿಗೆ ಸೊಂಟನೋವು. ಕೊಳತ್ತೂರಿನ ಮೀನಿನ ಅಂಗಡಿಯಿಂದ ತೂತುತೂತಾದ ಕಲ್ಲೊಂದನ್ನು ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹಾಗೆ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ತಂದರು.

ಮೀನು ಮಾತ್ರ ತರಲಿಲ್ಲ. ಹೊಸ ತೊಟ್ಟಿಗೆ ಮೀನು ಬಿಡುವಂತಿಲ್ಲ. ಮೊದಲು ಆ ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಸಂಸಾರ ಬೆಳೆಯಬೇಕು. ಅವಕ್ಕೆ ಆಹಾರವಾಗಲೆಂದು ಖಾಲಿ ತೊಟ್ಟಿಗೇ ಎರಡು ಹೊತ್ತು ಚಿಟಿಕೆ ಮೀನೂಟ ಹಾಕಬೇಕು. ಅದು ಕೊಳೆಯಬೇಕು. ಪರೀಕ್ಷೆಯ ಹನಿ ಹಾಕಿದರೆ ಕೊಳೆತದ್ದರ ವಿಷಕ್ಕೆ ನೀರು ಹಸಿರಾಗಬೇಕು, ಆ ಜೀವಿಗಳು ವಿಷವನ್ನು ತಿಂದು ಮುಗಿಸಿದಂತೆ ದಿನ ಕಳೆದು ಹಳದಿಗೆ ತಿರುಗಬೇಕು. ಆಗಲೇ ಮೀನಿನ ಗೃಹಪ್ರವೇಶ. ಹವಳ ಸಾಕುವವರಿಗೆಲ್ಲ ಇದು ಮಗ್ಗಿಯಷ್ಟೇ ಸಾಧಾರಣ. ಹವಳ ಸಾಕದವರಿಗೆ ಹೇಗೆ ಕಾಣುತ್ತದೆ ಎಂಬುದು ಪೊನ್ನಂಬಲಂ ಅವರಿಗೆ ಹೊಳೆಯಲೇ ಇಲ್ಲ.

ಊಟ ಹಾಕುವಾಗ ಸುಮ್ಮನೆ ಹಾಕುವುದು ಹೇಗೆ? ಎರಡು ಮಾತಾಡಿದರು. ಎರಡು ನಾಲ್ಕಾಯಿತು. ಹೇಳಲು ಬಾಕಿ ಉಳಿದಿದ್ದ "ಏನಾಯ್ತು ಅಂದ್ರೆ"ಗಳೆಲ್ಲ ಒಂದೊಂದಾಗಿ ಹೊರಬಂದವು. ತೊಟ್ಟಿ ಯಾವ ಆಡಿಟ್ಟಿನ ನೆವವನ್ನೂ ಹೇಳಲಿಲ್ಲ.

ಒಂದು ಸಂಜೆ ಎದುರು ಮನೆಯ ಸೌಂದರವಲ್ಲಿ ವತ್ತಕುಳಂಬೆಂಬ ಗಟ್ಟಿ ಹುಳಿಯ ಬಟ್ಟಲು ಹಿಡಿದು, ತೆರೆದ ಬಾಗಿಲಿನಿಂದ ಒಳಗೆ ಬಂದರು.

"ನಿಧಾನ, ನಿಧಾನ. ಎಲ್ರಿಗೂ ಇದೆ, ನುಗ್ಗಬೇಡಿ," ಎನ್ನುತ್ತಿದ್ದರು ಪೊನ್ನಂಬಲಂ, ಗಾಜಿಗೆ ಮೂಗು ತಾಗಿಸಿಕೊಂಡು.

ಸೌಂದರವಲ್ಲಿ ತೊಟ್ಟಿಯನ್ನು ನೋಡಿದರು. ನೀರು, ಕಲ್ಲು. ಮತ್ತೆ ನೋಡಿದರು. ಕಲ್ಲು, ನೀರು.

"ಅಣ್ಣಾ, ಮೀನೆಲ್ಲಿ?"

"ಮೀನಿಲ್ಲಮ್ಮ. ಇವರು ಬೇರೆ. ಕಣ್ಣಿಗೆ ಕಾಣಲ್ಲ. ಈಗ ಲಕ್ಷ ಇರಬಹುದು, ಬರೋ ವಾರಕ್ಕೆ ಕೋಟಿ."

"ಕೋಟಿ," ಎಂದರು ಸೌಂದರವಲ್ಲಿ, ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟು.

"ಹೂಂ. ಅರಸಿಗೆ ಮಾತ್ರ ಹೇಳಬೇಡಿ. ಅವಳಿಗೆ ಗೊತ್ತಾಗಬಾರದು."

"ಛೆ, ನಾನ್ಯಾಕೆ ಹೇಳ್ಲಿ ಅಣ್ಣಾ," ಎನ್ನುತ್ತ ಆಕೆ ಹಿಂದೆ ತಿರುಗದೆ, ಬಂದ ದಾರಿಯಲ್ಲೇ ಹಿಮ್ಮುಖವಾಗಿ ನಡೆದು ಬಾಗಿಲು ದಾಟಿದರು.

ಮಾರನೆಯ ದಿನದಿಂದ ಕಟ್ಟಡದಲ್ಲಿ ಪೊನ್ನಂಬಲಂ ಅವರ ಮಾನಮರ್ಯಾದೆ ಇದ್ದಕ್ಕಿದ್ದಂತೆ ಏರಿತು. ಲಿಫ್ಟಿನಲ್ಲಿ ಜನ ಜಾಗ ಬಿಟ್ಟರು, ಕೆಲವರು ಲಿಫ್ಟನ್ನೇ ಬಿಟ್ಟರು. ಸಂಘದ ಕಾರ್ಯದರ್ಶಿ ಭುಜ ತಟ್ಟಿ, "ಸಾರ್, ನಿದ್ದೆ ಸರಿಯಾಗಿ ಬರ್ತಿದೆಯಾ?" ಎಂದು ವಿಚಾರಿಸಿದರು. ಸಮುದ್ರರಾಜನಿಗೆ ಇದೆಲ್ಲ ತಕ್ಕ ಗೌರವವೆನಿಸಿತು.

ಅವರ ಹೆಮ್ಮೆಗೆ ಇನ್ನೂ ಒಂದು ಕಾರಣವಿತ್ತು. ದಿನವೂ ಹಾಕಿದ ಊಟ ಚೂರೂ ಉಳಿಯುತ್ತಿರಲಿಲ್ಲ. ಹನಿ ಹಾಕಿದರೆ ನೀರು ಹಸಿರಿನ ಗೊಡವೆಗೇ ಹೋಗದೆ ಹಳದಿಯಾಗಿಯೇ ಇರುತ್ತಿತ್ತು. ಕೊಳೆಯಲೂ ಬಿಡದಂತೆ ಎಲ್ಲವನ್ನೂ ಮುಗಿಸುತ್ತಿದ್ದಾರೆ ನಮ್ಮ ಹುಡುಗರು, ಇಂಥ ಸೂಕ್ಷ್ಮಜೀವಿಗಳು ಭೂಮಂಡಲದಲ್ಲೇ ಇರಲಾರವು! ಭಾನುವಾರ ಮೀನಿನ ಜೋಡಿ ತರುವುದೆಂದು ಮುಹೂರ್ತ ಇಟ್ಟರು.

ಶನಿವಾರ ಬೆಳಿಗ್ಗೆ ಹಾಲಿಗಾಗಿ ಬಾಗಿಲು ತೆರೆದಿಟ್ಟು, "ಏಳಿ ಮಕ್ಕಳಾ, ತಿಂಡಿ," ಎಂದು ಡಬ್ಬಿ ಬಗ್ಗಿಸುವಾಗ ಬೆನ್ನ ಹಿಂದೆ ಪರಿಚಿತವಾದ ಒಂದೇ ಅಕ್ಷರ ಕೇಳಿಸಿತು.

"ರೀ."

ಅರ್ಧ ಡಬ್ಬಿ ನೀರಿಗೆ ಬಿತ್ತು. ಬಾಗಿಲಲ್ಲಿ ಅರಸಿ, ಕೈಯಲ್ಲಿ ಪೆಟ್ಟಿಗೆ, ಅವರ ಹೆಗಲ ಹಿಂದೆ ಸೌಂದರವಲ್ಲಿಯ ಅರ್ಧ ಮುಖ. ಅರಸಿ ಬಂದು ಗಂಡನ ಹಣೆ ಮುಟ್ಟಿ ನೋಡಿದರು. ಪರ್ಸಿನಿಂದ ವಿಭೂತಿ ತೆಗೆದು ಆ ಹಣೆಗೇ ಬಳಿದರು.

"ಎಷ್ಟು ದಿನದಿಂದ ರೀ ಇವರೆಲ್ಲ ಬರ್ತಿರೋದು?"

"ಯಾರೂ ಬಂದಿಲ್ಲ ಅರಸಿ! ಇದು ವಿಜ್ಞಾನ!" ಎಂದು ಪೊನ್ನಂಬಲಂ ಉಪ್ಪು, ಕಲ್ಲು, ಹಸಿರು, ಹಳದಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದರು.

ಅರಸಿಯ ಮುಖ ಮೊದಲು ಸಡಿಲವಾಯಿತು, ಆಮೇಲೆ ಕೆಂಪಾಯಿತು. "ಅಂದ್ರೆ ಹುಚ್ಚಲ್ಲ. ಆಣೆ ಮುರಿದಿದ್ದು. ಹುಚ್ಚೇ ವಾಸಿ ಇತ್ತು. ಆಡಿಟ್ ಬಿಟ್ಟು ರಾತ್ರಿಯೆಲ್ಲ ಅಳ್ತಾ ಬಂದೆ ನಾನು!"

"ಒಬ್ಬನೇ ಇದ್ದು ಇದ್ದು..."

"ಮಾತಾಡಬೇಡಿ. ಹಿಂದೆ ಇದ್ದ ಮೀನುಗಳಿಗೆ ದೊರೆ, ದೊರೆಸಾನಿ ಅಂತ ಹೆಸರಿಟ್ಟಿದ್ದೆ ನಾನು. ನಿಮಗೇನು, ಬೀಸಣಿಗೆ ಬೀಸ್ತಾ ಕೂತಿದ್ರಿ. ಬಕೆಟ್ಟಲ್ಲಿ ಹೊತ್ಕೊಂಡು ಹೋಗಿದ್ದು ಯಾರು?"

ಪೊನ್ನಂಬಲಂ ಅವರಿಗೆ ಆ ಹೆಸರುಗಳೇ ಗೊತ್ತಿರಲಿಲ್ಲ. ಅರಸಿ ಗಂಡನಿಗೆ ಬೆನ್ನು ತಿರುಗಿಸಿ ತೊಟ್ಟಿಯ ಮುಂದೆ ನೆಲಕ್ಕೆ ಕೂತರು. ಸೌಂದರವಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಮನೆಗೆ ಹೋದರು. ಹಾಲು ಬಂತು, ಕಾಯಿತು, ಉಕ್ಕಿತು. ಅರಸಿ ಕದಲಲಿಲ್ಲ.

"ರೀ, ಇವನ್ಯಾರು?"

"ಯಾವನು?"

"ಇಲ್ಲಿ, ತೂತಿನಲ್ಲಿ. ಎರಡೂ ಕೈಯಲ್ಲಿ ಬಾಚ್ಕೊಂಡು ತಿಂತಿದ್ದಾನಲ್ಲ."

ಹುಣಸೆ ಬೀಜದಷ್ಟು ದೊಡ್ಡ ಏಡಿಯೊಂದು ಕಲ್ಲಿನ ಬಾಗಿಲಲ್ಲಿ ಕೂತು, ಅರ್ಧ ಡಬ್ಬಿಯ ಔತಣವನ್ನು ಮದುವೆ ಮನೆಯ ಬೀಗರಂತೆ ಎರಡೂ ಕೊಂಡಿಯಿಂದ ಬಾರಿಸುತ್ತಿತ್ತು. ಕಲ್ಲಿನ ಜೊತೆಯೇ ಆಟೋದಲ್ಲಿ, ಪೊನ್ನಂಬಲಂ ಅವರ ಮಡಿಲಲ್ಲಿ ಬಂದ ಮಹಾನುಭಾವ! ನೀರು ಹಸಿರಾಗದ ಗುಟ್ಟು ಅವರಿಗೆ ಈಗ ತಿಳಿಯಿತು. ಲಕ್ಷವೂ ಇಲ್ಲ, ಕೋಟಿಯೂ ಇಲ್ಲ. ಇಷ್ಟು ದಿನ ಉಂಡವನು ಇವನೊಬ್ಬನೇ. ಅವರ "ಏನಾಯ್ತು ಅಂದ್ರೆ"ಗಳನ್ನೆಲ್ಲ ಕೇಳಿಸಿಕೊಂಡವನೂ ಇವನೊಬ್ಬನೇ.

"ಅಯ್ಯೋ, ಇವನನ್ನ ಮೊದಲು ಹೊರಗೆ ಹಾಕಬೇಕು," ಎಂದು ಇಕ್ಕಳಕ್ಕೆ ಓಡಿದರು. "ಹವಳ ಇಟ್ರೆ ಹವಳ ತಿಂತಾನೆ, ಮೀನು ಬಿಟ್ರೆ ಮೀನು."

"ಹಾಗಾದ್ರೆ ಹವಳ ಇಡಬೇಡಿ, ಮೀನು ಬಿಡಬೇಡಿ. ಮುಟ್ಟಿ ನೋಡೋಣ ನನ್ನ ಚಿನ್ನತ್ತಂಬಿಯನ್ನ!"

ಹೆಸರಾಗಿಬಿಟ್ಟಿತ್ತು. ಇನ್ನು ಮೇಲ್ಮನವಿಗೆ ಅವಕಾಶವಿರಲಿಲ್ಲ.

ಭಾನುವಾರ ಅರಸಿ ರೈಲು ಹತ್ತಿದರು. ಕರೆಂಟು ಹೋದರೆ ಚಿನ್ನತ್ತಂಬಿಗೆ ಉಸಿರು ಕಟ್ಟಬಾರದೆಂದು ಬ್ಯಾಟರಿ ಪಂಪು ಕೊಡಿಸಿಯೇ ಹೊರಟರು. (ಗಂಡನ ಫ್ಯಾನಿಗೆ ಬ್ಯಾಟರಿಯ ಮಾತು ಬರಲಿಲ್ಲ.) ಅವತ್ತಿನಿಂದ ಕರೆ ದಿನಕ್ಕೊಂದಲ್ಲ, ಮೂರು, ಒಂದೊಂದೂ ಅರ್ಧ ಗಂಟೆ. ಆಡಿಟ್ಟು ಎಲ್ಲಿ ಹೋಯಿತೋ ದೇವರೇ ಬಲ್ಲ. ಪೊನ್ನಂಬಲಂ ತಲೆ ಬಾಚಿ, ಹೊಸ ಅಂಗಿ ತೊಟ್ಟು, ಮೊದಲ ರಿಂಗಿಗೇ ಫೋನ್ ಎತ್ತಿದರು.

"ಊಟ ಆಯ್ತಾ?"

"ಆಯ್ತು ಅರಸಿ. ಗ್ಯಾಸೂ ಆರಿಸ್ದೆ, ಬಾಗಿಲೂ ಹಾಕ್ದೆ. ಇವತ್ತು ಏನಾಯ್ತು ಅಂದ್ರೆ..."

"ನಿಮ್ಮದಲ್ಲ ರೀ, ಅವನದು. ಸ್ವಲ್ಪ ಆ ಕಡೆ ಸರೀರಿ. ಅಡ್ಡ ಬರ್ತಿದ್ದೀರಿ."

ಪೊನ್ನಂಬಲಂ ಸರಿದರು. ಫೋನನ್ನು ಗಾಜಿಗೆ ಒರಗಿಸಿ, ಹುಳಿ ದೋಸೆಯ ತಟ್ಟೆ ಎತ್ತಿಕೊಂಡು, ಚಿತ್ರದಲ್ಲಿ ಬೀಳದಂತೆ ತೊಟ್ಟಿಯ ಪಕ್ಕಕ್ಕೆ ಹೋಗಿ ಕೂತರು. ಅಲ್ಲಿಂದ ಹೆಂಡತಿಯ ಮುಖ ಕಾಣುತ್ತಿರಲಿಲ್ಲ. ಅವರ ನಗು ಮಾತ್ರ ಅರ್ಧ ಗಂಟೆ ಪೂರ್ತಿ ಕೇಳಿಸಿತು. ಅದನ್ನೇ ನಂಚಿಕೊಂಡು ಎರಡೂ ದೋಸೆ ಮುಗಿಸಿದರು.