ಅತ್ತೆ ಒರೆಸಿದ ಇರುವೆ

ಸತ್ತ ಹುಳಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಓಡಾಡುವವಳಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಬರೆಯುತ್ತಿರುವುದು ಇದೇ ಮೊದಲು, ಆದ್ದರಿಂದ ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಹುಳಗಳನ್ನು ಕೊಲ್ಲುವ ಶಿಲೀಂಧ್ರಗಳಿವೆ. ಶಿಲೀಂಧ್ರ ಎಂದರೆ ಬೂಷ್ಟು, ನಮ್ಮ ಉಪ್ಪಿನಕಾಯಿಗೆ ಬರುತ್ತದಲ್ಲ, ಅದರ ಬಳಗ. ಅವುಗಳಲ್ಲಿ ಹೊಸ ಜಾತಿ ಹುಡುಕಿ ಯಾವ ಗುಂಪಿಗೆ ಸೇರಿದ್ದೆಂದು ತೀರ್ಮಾನಿಸುವುದು ಬೇಲಾಪುರದ ನಮ್ಮ ಲ್ಯಾಬಿನ ಕೆಲಸ.

ಲೋಕಲ್ ರೈಲಿನಲ್ಲಿ

ಪಕ್ಕದಲ್ಲಿದ್ದ ಹೆಂಗಸು ನನ್ನ ಡಬ್ಬಿ ನೋಡಿ, "ಟಿಫಿನ್‌ಗೆ ಏನು ತಂದಿದ್ದೀ?" ಎಂದು ಹಿಂದಿಯಲ್ಲಿ ಕೇಳಿದರು.

ಸುಳ್ಳು ಹೇಳಲು ಬಾರದೆ, "ಬೂಷ್ಟು ಹಿಡಿದ ನೊಣ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಡಬ್ಬಿಯಿಂದ ಮೆಂತ್ಯದ ರೊಟ್ಟಿಯಂಥ ಎರಡು ಥೇಪ್ಲಾ ತೆಗೆದು ನನ್ನ ಕೈಗಿಟ್ಟು, "ಇವತ್ತು ಇದನ್ನು ತಿನ್ನು ಮಗಳೇ" ಎಂದರು.

ಭಾನುವಾರ

ಕಾಮೋಠೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ದಾಸವಾಳದ ಎಲೆಯನ್ನು ಕಚ್ಚಿಕೊಂಡೇ ಒಂದು ಇರುವೆ ಸತ್ತಿತ್ತು. ಮೈತುಂಬ ನೇರಳೆ ಬೂಷ್ಟು. ಫೋಟೊ ನೋಡಿದ ಲ್ಯಾಬಿನ ಸರ್, "ಇಂಥದ್ದು ನಾನೂ ನೋಡಿಲ್ಲ. ನಾಳೆ ಜೋಪಾನವಾಗಿ ತನ್ನಿ" ಎಂದರು. ಆರು ವರ್ಷಗಳಲ್ಲಿ ಇದು ನನ್ನ ಮೊದಲ ಹೊಸ ಜಾತಿ ಆಗಬಹುದಿತ್ತು. ಒದ್ದೆ ಹತ್ತಿ ಹಾಕಿ ಡಬ್ಬಿಯಲ್ಲಿಟ್ಟೆ. ತೇವ ಇದ್ದರೆ ಬೂಷ್ಟು ಬೆಳೆಯುತ್ತದೆ, ಅದಕ್ಕೆ.

ಉಡುಪಿಯಿಂದ ಬಂದ ನನ್ನ ಅತ್ತೆಗೆ ಮಳೆಗಾಲದಲ್ಲಿ ಬೂಷ್ಟು ಕಂಡರೆ ಕೈ ಸುಮ್ಮನಿರುವುದಿಲ್ಲ. ಬೆಲ್ಟು, ಚಪ್ಪಲಿ, ದೇವರ ಪಟದ ಚೌಕಟ್ಟು, ಎಲ್ಲವನ್ನೂ ತೆಂಗಿನೆಣ್ಣೆಯ ಬಟ್ಟೆಯಿಂದ ಒರೆಸುತ್ತಾರೆ. ಸಂಜೆ ಡಬ್ಬಿ ತೆರೆದರೆ ಇರುವೆ ಫಳಫಳ ಹೊಳೆಯುತ್ತಿತ್ತು.

"ನಿನ್ನ ಇರುವೆಗೆ ಬೂಷ್ಟು ಹಿಡಿದಿತ್ತು ಮಾರಾಯ್ತಿ, ಒರೆಸಿಟ್ಟಿದ್ದೇನೆ. ಒಂದು ಕಾಲೂ ಮುರಿಯಲಿಲ್ಲ, ನೋಡು!"

ದಾಸವಾಳದ ಹತ್ತಿರ

ಮಳೆಗಾಲ ಮುಗಿಯುವುದರೊಳಗೆ ಇನ್ನೊಂದು ಸಿಗದಿದ್ದರೆ ಕಥೆ ಮುಗಿಯಿತು ಎಂದರು ಸರ್. ಇದು ತಿಳಿದ ಮೇಲೆ ಅತ್ತೆ ದಿನಾ ಬೆಳಿಗ್ಗೆ ಕೊಡೆ ಹಿಡಿದು ಎಲೆ ಎಲೆ ತಿರುಗಿಸಿ ನೋಡತೊಡಗಿದರು.

ಕಲಬುರಗಿ ಕಡೆಯ ವಾಚ್‌ಮನ್ ಕೇಳಿದ, "ಏನ್ ಹುಡುಕಲತ್ತೀರಿ ಅವ್ವಾ?"

"ಸತ್ತ ಇರುವೆ."

"ಜೀವಂತ ಇದ್ದವು ಬೇಕಷ್ಟು ಅವರಿ. ನಡಿತದೇನ್ರಿ?"

ಒಂಬತ್ತನೇ ದಿನ ಅತ್ತೆ ಮೂರು ನೇರಳೆ ಇರುವೆಗಳನ್ನು ಎಲೆ ಸಮೇತ ತಂದರು. ಬೆರಳು ಕೂಡ ತಾಗಿಸಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿ, ಡಿಎನ್‌ಎ ಹೋಲಿಸಿ, ಎಷ್ಟೋ ತಿಂಗಳ ಮೇಲೆ ಸರ್ ಒಪ್ಪಿದರು, ಹೊಸ ಜಾತಿಯೇ. ಹುಡುಕಿಕೊಟ್ಟವರ ಗೌರವಕ್ಕೆ ಅವರ ಹೆಸರಿಡುವ ಪದ್ಧತಿ ಉಂಟು. ಮನೆಗೆ ಓಡಿಬಂದು, "ಅತ್ತೆ, ಇದಕ್ಕೆ ನಿಮ್ಮ ಹೆಸರೇ ಇಡುತ್ತೇವೆ" ಎಂದೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ, "ಅದು ಮಾಡುವುದೇನು?" ಎಂದು ಕೇಳಿದರು.

"ಇರುವೆಯ ಮೈಯೊಳಗೆ ಸೇರಿ, ಮನೆ ಬಿಡಿಸಿ, ಗಿಡ ಹತ್ತಿಸಿ, ನಿಧಾನಕ್ಕೆ ಕೊಲ್ಲುತ್ತದೆ."

ಅತ್ತೆ ನನ್ನ ಕೈ ಹಿಡಿದುಕೊಂಡರು. "ಬೇಡ ಮಗಾ. ಸೊಸೆ ಹೋಗಿ ಹೋಗಿ ಇಂಥದ್ದಕ್ಕೇ ಅತ್ತೆಯ ಹೆಸರು ಯಾಕೆ ಇಟ್ಟಳು ಅಂತ ಊರವರು ಕೇಳಿದರೆ, ನೀನು ಎಷ್ಟು ಜನರಿಗೆ ವಿವರಿಸುತ್ತೀ?"