ಕರಿಯಕ್ಕನ ಅಂಗಳದ ಕುಟುಕುಟು

ಕರಿಯಕ್ಕ: ಫಾತಿಮಾ, ನಿನ್ನ ಮೇಕೆ ಅಂಗಳದಾಗೆ ಇರೋಗಂಟ ನಾನು ಕಣ್ಣು ಮುಚ್ಚಲ್ಲ. ಬಿತ್ತನೆ ಶೇಂಗಾ ಕಣೇ ಇದು! ಮಳೆ ಬಿದ್ರೆ ಹೊಲಕ್ಕೆ ಏನು ಹಾಕ್ಲಿ, ಮೇಕೆ ಹಿಕ್ಕೆನಾ?

ಫಾತಿಮಾ ಬೀ: ಅರೆ, ಬೇವಿನ ಮರಕ್ಕೆ ಕಟ್ಟೀನಲ್ಲಕ್ಕಾ! ಎರಡು ಗಂಟು ಬಿಗಿದು.

ಮಾರುತೇಶ: ಅವ್ವಾರೆ, ಜಗಳ ಆಮೇಲೆ. ಮೊದ್ಲು ಧ್ಯಾನ.

ಚಳ್ಳಕೆರೆಯ ಅಂಚಿನ ಆ ಅಂಗಳದಲ್ಲಿ ನೆರೆಹೊರೆಯವರು ಕೂಡಿ ಶೇಂಗಾ ಸುಲಿಯುವುದು ವಾಡಿಕೆ. ಗಟ್ಟಿ ಬೀಜ ಬಿತ್ತನೆಗೆಂದು ಮೊರಕ್ಕೆ, ಒಡೆದದ್ದು ಸುಲಿದವರ ಬಾಯಿಗೆ. ಯಾವುದೋ ಶಿಬಿರಕ್ಕೆ ಹೋಗಿಬಂದ ಪಕ್ಕದ ಮನೆಯ ಮಾರುತೇಶ ಅದನ್ನು ‘ಆಲಿಸುವ ಬಳಗ’ ಮಾಡಿಬಿಟ್ಟಿದ್ದ. ಸುಲಿಯುವುದು ನಿಲ್ಲಿಸಿ, ಕಣ್ಣು ಮುಚ್ಚಿ, ಕಿವಿಗೆ ಬಿದ್ದ ಸದ್ದನ್ನೆಲ್ಲ ಸುಮ್ಮನೆ ಕೇಳಬೇಕು. ಕರಿಯಕ್ಕನ ಗಂಡ ಹನುಮಣ್ಣ ಆಗಲೇ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಕೂತಲ್ಲೇ ತೂಕಡಿಸುವುದಕ್ಕೆ ಇಷ್ಟು ಮರ್ಯಾದೆ ಅವನಿಗೆ ಎಂದೂ ಸಿಕ್ಕಿರಲಿಲ್ಲ.

ಒಲ್ಲದ ಮನಸ್ಸಿನಿಂದ ಕರಿಯಕ್ಕ ರಾಶಿಯ ಪಕ್ಕದಲ್ಲೇ ಕೂತು ರೆಪ್ಪೆ ಮುಚ್ಚಿದಳು. ದೂರದಲ್ಲಿ ಎಣ್ಣೆ ಗಿರಣಿ ಗುಂಯ್‌ಗುಟ್ಟಿತು. ಬಸ್ಸೊಂದು ಹಾರನ್ ಹೊಡೆಯಿತು. ಆಮೇಲೆ, ತೀರ ಹತ್ತಿರದಲ್ಲಿ, ಕಟ್... ಕುಟು, ಕುಟು.

ಕರಿಯಕ್ಕ: ಮೇಕೆ ಬಿಚ್ಕೊಂಡೈತೆ!

ಮಾರುತೇಶ: ಕಣ್ಣು ಬಿಡಬ್ಯಾಡ್ರಿ ಅವ್ವ, ಸದ್ದಿಗೆ ಹೆಸರಿಡಬ್ಯಾಡ್ರಿ. ಅದು ಬರೀ ಸದ್ದು.

ಕರಿಯಕ್ಕ: ಬರೀ ಸದ್ದು ನನ್ನ ಬೀಜ ತಿಂತಾ ಐತಪ್ಪ!

ಮಾರುತೇಶ: ಸ್ವೀಕರಿಸ್ರಿ.

ಕರಿಯಕ್ಕ: ನಿಮ್ಮಪ್ಪನ ಹೊಲದ್ದು ತಿಂದಾಗ ನೀನು ಸ್ವೀಕರಿಸು.

ಫಾತಿಮಾ ಬೀ: ಈಗ ನಿಂತೈತೆ ನೋಡಕ್ಕಾ ಸದ್ದು.

ಕರಿಯಕ್ಕ: ನನ್ನ ದನಿಗೆ ಹೆದರೈತೆ.

ಹನುಮಣ್ಣ (ಕಣ್ಣು ತೆರೆಯದೆ): ಪಾಪ, ಅದಕ್ಕೂ ನನ್ನ ಗತಿನೇ.

ಮತ್ತೆ ಎಲ್ಲರೂ ಸುಮ್ಮನಾದರು. ಮತ್ತೆ ಕುಟು, ಕುಟು.

ಕರಿಯಕ್ಕ: ಶುರು ಆತು! ಕೇಳ್ರೋ!

ಸದ್ದು ನಿಂತಿತು.

ಮಾರುತೇಶ: ಎಂಥಾ ಗಮನ ಅವ್ವ ನಿಮ್ದು! ಶಿಬಿರದಾಗೆ ಕೂತ್ರೂ ನನಗೆ ಇಷ್ಟು ಕೇಳ್ಸಿರಲಿಲ್ಲ.

ಹೊಗಳಿಕೆಗೆ ಒಳಗೊಳಗೇ ಹಿಗ್ಗಿದ ಕರಿಯಕ್ಕನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬಲಿತು ಸಿಟ್ಟು ಇಮ್ಮಡಿಯಾಯಿತು.

ಕರಿಯಕ್ಕ: ಫಾತಿಮಾ, ಇವತ್ತಿಗೇ ಮುಗೀತು. ನಾಳೆಯಿಂದ ಸುಲಿಯಾಕೆ ನೀನೂ ಬರಬ್ಯಾಡ, ನಿನ್ನ ಮೇಕೆನೂ ಬರಬ್ಯಾಡ.

ಫಾತಿಮಾ ಬೀಯ ದನಿ ಕುಗ್ಗಿತು.

ಫಾತಿಮಾ ಬೀ: ಇಷ್ಟು ವರ್ಷ ಒಂದೇ ಮೊರದಾಗೆ ಸುಲಿದೀವಿ. ಕಣ್ಣು ಬಿಟ್ಟು ಒಂದ್ಸಲ ನೋಡು ಅಕ್ಕಾ. ಆಮೇಲೆ ಓಡಿಸುವಂತೆ.

ಎಲ್ಲರೂ ಕಣ್ಣು ಬಿಟ್ಟರು. ಬೇವಿನ ಬುಡದಲ್ಲಿ ಮೇಕೆ ಗದ್ದ ಊರಿ ನಿದ್ದೆ ಹೋಗಿತ್ತು, ಗಂಟುಗಳು ಬಿಗಿಯಾಗೇ ಇದ್ದವು. ಮಾರುತೇಶನ ಕೈ ಮಂಡಿಯ ಮೇಲೆ, ಹನುಮಣ್ಣನದು ಹೊಟ್ಟೆಯ ಮೇಲೆ. ಕರಿಯಕ್ಕನ ಮಡಿಲ ತುಂಬ ಸಿಪ್ಪೆ. ಮುಷ್ಟಿಯಲ್ಲಿ ಅರ್ಧ ಬಿಡಿಸಿದ ಕಾಯಿ. ಬಾಯಲ್ಲಿದ್ದದ್ದನ್ನು ಅವಳು ಮೆಲ್ಲಗೆ ನುಂಗಿದಳು.

ಹನುಮಣ್ಣ: ಬಯ್ಯುವಾಗ ಅಗಿಯಾಕಾಗಲ್ಲ, ಅದಕ್ಕೇ ಸದ್ದು ನಿಲ್ತಿತ್ತು.

ಕರಿಯಕ್ಕ: ಸುಲಿಯೋ ಕೈ ಕಣ್ರಿ ಇದು, ಸುಮ್ಕಿರು ಅಂದ್ರೆ ಇರ್ತೈತಾ? ಕಣ್ಣು ಮುಚ್ಚಿದ್ರೆ ಗಟ್ಟಿ ಯಾವ್ದು, ಒಡೆದಿದ್ದು ಯಾವ್ದು ಅಂತ ಬಾಯಿಗೇನು ಗೊತ್ತು!

ಮಾರುತೇಶ: ಅವ್ವ, ಇದೇ ನೋಡ್ರಿ ನಮ್ಮೊಳಗಿನ ಸದ್ದು...

ಕರಿಯಕ್ಕ: ನೀನು ಬಾಯಿ ಮುಚ್ಚು, ಕಣ್ಣು ಬಿಡು, ಸುಲಿ!

ಫಾತಿಮಾ ಬೀ ಎದ್ದು ಬೇವಿನ ಮರದತ್ತ ನಡೆದಳು.

ಕರಿಯಕ್ಕ: ಎಲ್ಲಿಗೇ?

ಫಾತಿಮಾ ಬೀ: ಮೇಕೆ ಬಿಚ್ಕೊಂಡು ಹೋಗ್ತೀನಿ. ನೀನೇ ಅಂದ್ಯಲ್ಲ.

ಕರಿಯಕ್ಕ: ಬಿಚ್ಚು. ಬಿಚ್ಚಿ ಅದನ್ನ ಈ ರಾಶಿ ಪಕ್ಕ ಕೂರ್ಸು, ನನ್ನನ್ನ ಆ ಮರಕ್ಕೆ ಕಟ್ಟು. ಎರಡು ಗಂಟು ಸಾಲಲ್ಲ, ಇನ್ನೊಂದು ಬಿಗಿ.