ಎಪ್ಪತ್ತರಲ್ಲಿ ಕುಸಿದ ವಿಮಾನಕ್ಕೆ ನೋಟೀಸು

ಮೂಗಿದೆ, ಶೀತ ಆಗಲ್ಲ. ರೆಕ್ಕೆಯಿದೆ, ಗೂಡು ಕಟ್ಟಲ್ಲ. ಏಳು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು. ಏನದು? ಬಿಡಿ, ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ಹೊಳೆಯಲ್ಲ. ಅದು ನಮ್ಮಕ್ಕ ವಿಮಾನ ಕಲಿಯುವ ಶಾಲೆಯ ಮೂರನೇ ನಂಬರ್ ವಿಮಾನ.

ಸದರಿ ಶಾಲೆಯ ಹದಿನಾಲ್ಕನೇ ನಿಯಮ ಹೀಗಿದೆ: "ವೇಗದ ಮುಳ್ಳು ಐವತ್ತರ ಮೇಲಿರುವಾಗ ಯಾವ ವಿಮಾನವೂ ಸ್ಟಾಲ್ ಆಗತಕ್ಕದ್ದಲ್ಲ." ಸ್ಟಾಲ್ ಅಂದರೆ ಅಂಗಡಿಯಲ್ಲ; ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿ ವಿಮಾನ ಕುಸಿಯುವುದು.

ಅಕ್ಕನ ಲೈಸೆನ್ಸಿಗೆ ಬಾಕಿಯಿದ್ದದ್ದು ಒಂದೇ ವರದಿ: ಬೇಕೆಂದೇ ಸ್ಟಾಲ್ ಮಾಡಿ ಸರಿಪಡಿಸಿದ್ದರದ್ದು. ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿದಳು. ಪಾಠದಲ್ಲಿದ್ದಂತೆಯೇ ಬಿಗಿಯಾಗಿ ತಿರುಗುತ್ತಾ ಹಿಡಿಕೆಯನ್ನು ತನ್ನ ಕಡೆ ಜಗ್ಗಿದಳು. ಮುಳ್ಳು ಎಪ್ಪತ್ತರಲ್ಲಿದ್ದಾಗಲೇ ವಿಮಾನ ಗಡಗಡ ನಡುಗಿ ಕುಸಿಯಿತು. ಮೂಗು ತಗ್ಗಿಸಿದಳು, ಸರಿಹೋಯಿತು. ಇಳಿದು ಬಂದು, ನಡೆದದ್ದನ್ನು ನಡೆದ ಹಾಗೇ ಬರೆದಳು. ಎಡವಟ್ಟಾದದ್ದು ಅಲ್ಲೇ.

ಗುಮಾಸ್ತರು ಕನ್ನಡಕ ಏರಿಸಿದರು. "ಎಪ್ಪತ್ತರಲ್ಲಿ ಆಗಲ್ಲಮ್ಮ. ನಿಯಮ ಇದೆ."

"ಆಯ್ತಲ್ಲ ಸಾರ್! ರೆಕ್ಕೆ ಏನು ಮುಳ್ಳು ನೋಡ್ಕೊಂಡು ಕೂತಿರತ್ತಾ? ಎದುರು ಗಾಳಿಗೆ ಎಷ್ಟು ಓರೆಯಾಗಿದೆ ಅನ್ನೋದೇ ಮುಖ್ಯ. ಓರೆ ಮಿತಿ ಮೀರಿದ್ರೆ ವೇಗ ಎಷ್ಟಿದ್ರೂ ಕುಸಿಯತ್ತೆ."

"ಓರೆಗೆ ಕಾಲಂ ಇಲ್ಲ."

"ಹಾಗಾದ್ರೆ ನನ್ನ ಲೈಸೆನ್ಸು?"

"ಒಂದೋ ನೀನು ಸುಳ್ಳು ಬರೆದಿದ್ದೀಯ, ಇಲ್ಲಾ ವಿಮಾನ ನಿಯಮ ಮುರಿದಿದೆ. ನಿನ್ನ ನೋಡಿದ್ರೆ ಪಾಪ ಅನ್ಸತ್ತೆ. ವಿಮಾನವನ್ನೇ ಕೇಳೋಣ."

ಆದಕಾರಣ ವಿಮಾನದ ಮೂಗಿಗೆ ಗೋಂದು ಹಚ್ಚಿ ನೋಟೀಸು ಅಂಟಿಸಲಾಯಿತು. ಏಳು ದಿನ ಅದು ತುಟಿ ಪಿಟಕ್ಕೆನ್ನಲಿಲ್ಲ. ಎಂಟನೇ ದಿನ ಅಮಾನತಾಯಿತು. ವಿಚಾರಣೆ ಮುಗಿಯುವವರೆಗೆ ಅಕ್ಕನ ಲೈಸೆನ್ಸೂ ಅದೇ ಕಡತದೊಳಗೆ ಮಲಗಿತು.

ವಿಚಾರಣೆಗೆಂದು ಪ್ರಾಂಶುಪಾಲರು ಖುದ್ದಾಗಿ ಇನ್ನೊಂದು ವಿಮಾನ ಹತ್ತಿದರು. ಮೇಷ್ಟ್ರು ಅದೇ ತಿರುವು ತಿರುಗಿಸಿದರು. ಅದೂ ಎಪ್ಪತ್ತರಲ್ಲೇ ಕುಸಿಯಿತು. ಪ್ರಾಂಶುಪಾಲರು ಇಳಿದು, ಕಾಲು ಗಂಟೆ ಬೆಂಚು ಹಿಡಿದುಕೊಂಡು ಕೂತು, ಎರಡು ಲೋಟ ನೀರು ಕುಡಿದು ಆದೇಶ ಬರೆಸಿದರು: "ಎರಡೂ ವಿಮಾನಗಳು ಒಂದೇ ಗಾಳಿಯಲ್ಲಿ ಹಾರಿರುವುದರಿಂದ ಅವು ನಿರ್ದೋಷಿಗಳು. ಗಾಳಿಗೆ ನೋಟೀಸು ಜಾರಿ ಮಾಡತಕ್ಕದ್ದು."

ನೋಟೀಸನ್ನು ಕಿಟಕಿಯಿಂದಾಚೆ ಹಿಡಿದರು. ಗಾಳಿ ಅದನ್ನು ತೆಗೆದುಕೊಂಡು ಹೋಯಿತು. "ಖುದ್ದಾಗಿ ಸ್ವೀಕರಿಸಿದೆ" ಎಂದು ಗುಮಾಸ್ತರು ಷರಾ ಬರೆದರು. ಅಕ್ಕನಿಗೆ ಅಂದೇ ಲೈಸೆನ್ಸು ಸಿಕ್ಕಿತು.

ಪ್ರಾಂಶುಪಾಲರು ಹಾರಿದ್ದು, ಗಾಳಿಗೆ ನೋಟೀಸು ಕೊಟ್ಟದ್ದು, ಎಲ್ಲ ನನ್ನ ಬುರುಡೆ. ಅಷ್ಟು ಧೈರ್ಯ ಆ ಆಫೀಸಿಗೆಲ್ಲಿ? ನಿಜವಾಗಿ, ಅಕ್ಕ ಎಪ್ಪತ್ತನ್ನು ಹೊಡೆದು ಹಾಕಿ ನಲವತ್ತೊಂಬತ್ತು ಅಂತ ಬರೆದಳು. ಮೇಷ್ಟ್ರು ಸಹಿ ಹಾಕಿದರು. ಗುಮಾಸ್ತರು ಸೀಲು ಒತ್ತುತ್ತಾ ಅಂದರು: "ನೋಡಮ್ಮ, ಇಷ್ಟು ಚೆನ್ನಾಗಿ ಹಾರೋಕೆ ಬರತ್ತಲ್ಲ, ಮೊದಲೇ ಹಾರಬಾರದಿತ್ತಾ?"